ಅಸಲಿಗಿಂತ ಕಮ್ಮಿಗೆ ಪೆಟ್ರೋಲ್: ನಾನು ಸಣ್ಣ ಬಂಕಿನ ಕಡೆ, ಆದರೆ ಆ 9.18ರ ಕಡೆ ಅಲ್ಲ

ಕಳೆದ ವಾರ ಕನ್ನಡ ಸಂಘದ ಊಟದಲ್ಲಿ ಒಬ್ಬರು ಸಿಟ್ಟಿನಿಂದ ಕೇಳಿದರು: "ಮಾರೋನು ಕಮ್ಮಿಗೆ ಕೊಡ್ತೀನಿ ಅಂದ್ರೂ ಸರ್ಕಾರ ಬೇಡ ಅನ್ನುತ್ತಲ್ಲ, ಇದೆಂಥ ಕಾನೂನು ಸ್ವಾಮಿ?" ನಾವಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಇಲ್ಲಿ ಪೆಟ್ರೋಲನ್ನು ಅಸಲಿಗಿಂತ ಕಮ್ಮಿಗೆ ಮಾರುವಂತಿಲ್ಲ. ಅಷ್ಟೇ ಅಲ್ಲ, ಅಸಲಿನ ಮೇಲೆ ಇಂತಿಷ್ಟು ಅಂತ ಸೇರಿಸಲೇಬೇಕು. ಅವತ್ತು ತಟ್ಟೆ ಹಿಡಿದು ನಿಂತಲ್ಲೇ ಪೂರ್ತಿ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ಕಾನೂನು 1939ರದು. ದೊಡ್ಡ ಸರಣಿ ಅಂಗಡಿಗಳು ಒಂದೊಂದು ಸಾಮಾನನ್ನು ನಷ್ಟಕ್ಕೆ ಮಾರಿ, ಪಕ್ಕದ ಸಣ್ಣ ಅಂಗಡಿಯ ಗಿರಾಕಿಗಳನ್ನು ಎಳೆದುಕೊಳ್ಳುತ್ತಿದ್ದ ಕಾಲ. ಅದನ್ನು ತಡೆಯಲು ಇದು ಬಂತು. ಈಗ ಪೆಟ್ರೋಲಿಗೆ ಅಸಲಿನ ಮೇಲೆ ಸಗಟು ಮಾರಾಟದಲ್ಲಿ ಕನಿಷ್ಠ 3%, ಬಂಕಿನಲ್ಲಿ 6% ಸೇರಿಸಬೇಕು. ಒಂದರ ಮೇಲೊಂದು ಸೇರಿದರೆ 9.18%.

ನನ್ನ ಗೆಳೆಯರೊಬ್ಬರಿದ್ದಾರೆ, ದಾವಣಗೆರೆ ಕಡೆಯವರು. ಮೊದಲು ಇಂಥ ಕಾನೂನಿಲ್ಲದ ಬೇರೆ ರಾಜ್ಯದಲ್ಲಿ ಬಂಕ್ ಇಟ್ಟಿದ್ದರು. ಒಂದು ಮೈಲಿ ದೂರದಲ್ಲಿ ದೊಡ್ಡ ದಿನಸಿ ಮಳಿಗೆಯೊಂದು ತನ್ನದೇ ಬಂಕ್ ತೆರೆಯಿತು. ಇವರಿಗೆ ಡಿಪೋದಿಂದ ಲೋಡ್ ಬಂದಿಳಿಯುವ ದರಕ್ಕಿಂತ ಅಲ್ಲಿನ ಬೋರ್ಡಿನ ದರ ಕಮ್ಮಿ. ಒಂದು ದಿನ ಎರಡು ದಿನ ಅಲ್ಲ, ತಿಂಗಳುಗಟ್ಟಲೆ. ಗಂಡ ಹೆಂಡತಿ ಇಬ್ಬರೂ ಹದಿನಾಲ್ಕು ಗಂಟೆ ಕೌಂಟರಿನಲ್ಲಿ ನಿಂತರು. ಕೊನೆಗೆ ಬೀಗ ಹಾಕಿದರು. "ಕೆಲಸ ಗೊತ್ತಿಲ್ದೆ ಸೋತಿದ್ರೆ ಒಪ್ಕೋತಿದ್ದೆ ಅಣ್ಣ" ಅಂತ ಅವರು ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಇಲ್ಲಿ ಬಂಕಿನ ಬೋರ್ಡಿನ ಮೇಲೆ ದೊಡ್ಡ ತೈಲ ಕಂಪನಿಯ ಹೆಸರಿರುತ್ತದೆ. ಒಳಗೆ ದುಡಿಯುವವರು ಹೆಚ್ಚಾಗಿ ಸಣ್ಣ ಮಾಲೀಕರು. ಅವರಲ್ಲಿ ನಮ್ಮ ದೇಶದಿಂದ ಬಂದವರೂ ಬಹಳ. ಪೆಟ್ರೋಲಿನಲ್ಲಿ ಉಳಿಯುವುದು ಗ್ಯಾಲನ್ನಿಗೆ ಕೆಲವು ಸೆಂಟ್, ಅದರಲ್ಲೂ ಕ್ರೆಡಿಟ್ ಕಾರ್ಡಿನ ಕಡಿತ ಹೋಗಬೇಕು. ದೊಡ್ಡ ಮಳಿಗೆಗೆ ಪೆಟ್ರೋಲು ಬರೀ ಗಿರಾಕಿಯನ್ನು ಒಳಗೆ ಕರೆಯುವ ಆಮಿಷ. ಅಲ್ಲಿ ಹೋದ ದುಡ್ಡು ಅಕ್ಕಿ, ಹಾಲು, ಟಿವಿಯಲ್ಲಿ ವಾಪಸ್ ಬರುತ್ತದೆ. ಸಣ್ಣವನು ಅದನ್ನು ಎಲ್ಲಿಂದ ತರಬೇಕು?

ಹಾಗಾದರೆ ಕೋರ್ಟಿಗೆ ಹೋಗಬಹುದಲ್ಲ ಅನ್ನಬಹುದು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿನಲ್ಲಿ 1993ರ ಸುಪ್ರೀಂ ಕೋರ್ಟ್ ತೀರ್ಪು ಒಂದಿದೆ, ಬ್ರುಕ್ ಗ್ರೂಪ್ ಪ್ರಕರಣ ಅಂತ. ಅಸಲಿಗಿಂತ ಕಮ್ಮಿಗೆ ಮಾರಿದ್ದನ್ನು ತೋರಿಸಿದರೆ ಸಾಲದು. ಎದುರಾಳಿ ಮುಚ್ಚಿದ ಮೇಲೆ ದರ ಏರಿಸಿ ಆ ನಷ್ಟವನ್ನು ತುಂಬಿಕೊಳ್ಳುವ ಸಾಧ್ಯತೆ ಇದೆ ಅಂತಲೂ ತೋರಿಸಬೇಕು. ಒಂದು ಬಂಕ್ ಇರುವವರು ಇದನ್ನು ಸಾಬೀತು ಮಾಡೋದು ಯಾವಾಗ, ವಕೀಲರ ಫೀಸ್ ಕಟ್ಟೋದು ಯಾವಾಗ? ವಿಸ್ಕಾನ್ಸಿನ್ ಕಾನೂನಿನಲ್ಲಿ ಪೆಟ್ಟು ತಿಂದವರೇ ದಾವೆ ಹೂಡಬಹುದು. ಗೆದ್ದರೆ ನಷ್ಟದ ಮೂರು ಪಟ್ಟು, ಇಲ್ಲವೇ ತಪ್ಪು ನಡೆದ ದಿನಕ್ಕೆ 2000 ಡಾಲರ್, ಯಾವುದು ಜಾಸ್ತಿಯೋ ಅದು. ಈ ಒಂದು ಸಾಲಿಗೆ ಹೆದರಿಯೇ ಎಷ್ಟೋ ಜನ ಸುಮ್ನಿರುತ್ತಾರೆ.

2009ರಲ್ಲಿ ಇದು ಹೋಗಿಯೇಬಿಡುತ್ತಿತ್ತು. ಫ್ಲೈಯಿಂಗ್ ಜೆ ಎಂಬ ದೊಡ್ಡ ಟ್ರಕ್ ಸ್ಟಾಪ್ ಕಂಪನಿ ಹಾಕಿದ ಕೇಸಿನಲ್ಲಿ ಮಿಲ್ವಾಕಿಯ ಫೆಡರಲ್ ನ್ಯಾಯಾಧೀಶರು ಪೆಟ್ರೋಲಿನ ಈ ನಿಯಮ ನಡೆಯದು ಎಂದರು. ಕಾನೂನನ್ನು ಕಾಯಬೇಕಾದ ರಾಜ್ಯದ ಅಟಾರ್ನಿ ಜನರಲ್ ಮೇಲ್ಮನವಿಗೇ ಹೋಗಲಿಲ್ಲ. ಆಗ ಮುಂದೆ ಬಂದದ್ದು ಬಂಕ್ ಮಾಲೀಕರ ಸಂಘ. ನಮ್ಮ ಬದುಕಿನ ಪ್ರಶ್ನೆ, ನಾವೇ ವಾದಿಸುತ್ತೇವೆ ಎಂದರು. ಅದಕ್ಕೆ ಅವಕಾಶ ಪಡೆಯಲೂ ಅವರು ಷಿಕಾಗೋದ ಮೇಲ್ಮನವಿ ಕೋರ್ಟಿನವರೆಗೆ ಹೋಗಬೇಕಾಯಿತು. 2010ರಲ್ಲಿ ಅದೇ ಕೋರ್ಟ್ ಕೆಳಗಿನ ತೀರ್ಪನ್ನು ತೆಗೆದುಹಾಕಿತು. ಸರ್ಕಾರ ಕೈಬಿಟ್ಟದ್ದನ್ನು ಬಂಕಿನವರು ಉಳಿಸಿಕೊಂಡರು. ಇದು ನನಗೆ ನಿಜಕ್ಕೂ ದೊಡ್ಡದು ಅನ್ನಿಸುತ್ತದೆ.

ಆದರೆ ಅವರು ಉಳಿಸಿಕೊಂಡದ್ದರಲ್ಲಿ ಎರಡು ವಿಷಯ ಇವೆ. ಅಸಲಿಗಿಂತ ಕಮ್ಮಿಗೆ ಮಾರಬೇಡಿ ಅನ್ನುವುದು ಒಂದು. ಅದಕ್ಕೆ ನನ್ನ ಪೂರ್ತಿ ಬೆಂಬಲ. ಅದರ ಮೇಲೆ 9.18% ಸೇರಿಸಿಯೇ ಮಾರಿ ಅನ್ನುವುದು ಇನ್ನೊಂದು. ಇದನ್ನು ನಾನು ಒಪ್ಪುವುದಿಲ್ಲ. ತೆರಿಗೆ, ಸಾಗಣೆ ಸೇರಿ ಗ್ಯಾಲನ್ನಿಗೆ 2 ಡಾಲರ್ ಬಿದ್ದಾಗ ಇದು 18 ಸೆಂಟ್. 4 ಡಾಲರ್ ಆದಾಗ 36 ಸೆಂಟಿಗೂ ಜಾಸ್ತಿ. ಕಾರ್ಡಿನ ಕಡಿತ ಏರುತ್ತದೆ, ನಿಜ. ಕೆಲಸದವರ ಸಂಬಳ, ಕರೆಂಟ್ ಬಿಲ್ಲು, ಬಾಡಿಗೆ ಎರಡು ಪಟ್ಟು ಆಗುತ್ತಾ? ಜನ ಟ್ಯಾಂಕ್ ತುಂಬಿಸಲು ಒದ್ದಾಡುವ ಹೊತ್ತಿಗೇ ಕಾನೂನು ಅವರಿಂದ ಹೆಚ್ಚು ಕೇಳುತ್ತದೆ. 2007ರ ಸುಮಾರಿಗೆ ಇಲ್ಲಿನ ಸಣ್ಣ ಊರೊಂದರ ಬಂಕಿನಲ್ಲಿ ಹಿರಿಯರಿಗೆ ಗ್ಯಾಲನ್ನಿಗೆ 2 ಸೆಂಟ್, ಮಕ್ಕಳ ಆಟೋಟಕ್ಕೆ ನೆರವಾಗುವವರಿಗೆ 3 ಸೆಂಟ್ ಬಿಡುತ್ತಿದ್ದರು. ಅದನ್ನೂ ನಿಲ್ಲಿಸಿ ಎಂದಿತು ರಾಜ್ಯ. ಯಾರನ್ನು ಕಾಯಬೇಕಿತ್ತೋ ಅವರದೇ ಕೈ ಕಟ್ಟಿದ ಹಾಗಾಯಿತು ಅಲ್ವಾ?

ಇಂಥ ಕಾನೂನಿಂದ ದರ ಏರುತ್ತದೆ, ಗಿರಾಕಿಗೆ ನಷ್ಟ ಎಂದು ವ್ಯಾಪಾರದ ಪೈಪೋಟಿ ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ನಿನ ಅಧಿಕಾರಿಗಳು ಹಲವು ರಾಜ್ಯಗಳಿಗೆ ಬರೆದಿದ್ದಾರೆ. 9.18ರ ವಿಷಯದಲ್ಲಿ ಅವರ ಮಾತು ಸರಿ. ಹಾಗಂತ ಅಸಲಿನ ಗೆರೆಯನ್ನೂ ಅಳಿಸಿ ಅನ್ನುವುದು ಸರಿಯಲ್ಲ. ಫ್ಲಾರಿಡಾದ 1985ರ ಕಾನೂನು ನೋಡಿ. ಅಲ್ಲಿ ಕಡ್ಡಾಯ ಶೇಕಡಾವಾರು ಇಲ್ಲ. ಅಸಲಿಗಿಂತ ಕಮ್ಮಿಗೆ ಮಾರಿ ಪೈಪೋಟಿಗೇ ಪೆಟ್ಟು ಕೊಟ್ಟರೆ ಮಾತ್ರ ತಪ್ಪು.

ನಮ್ಮೂರಿನವರಿಗೆ ಇದು ದೂರದ ಕಥೆ ಅನ್ನಿಸಬಹುದು. 2008 ನೆನಪಿದೆಯಾ? ಭಾರತದಲ್ಲಿ ಸರ್ಕಾರಿ ತೈಲ ಕಂಪನಿಗಳು ಅಸಲಿಗಿಂತ ಕಮ್ಮಿಗೆ ಮಾರುತ್ತಿದ್ದವು, ನಷ್ಟಕ್ಕೆ ಸರ್ಕಾರದ ನೆರವಿತ್ತು. ಆ ದರಕ್ಕೆ ಮಾರಲಾಗದೆ ರಿಲಯನ್ಸ್ ತನ್ನ 1400ಕ್ಕೂ ಹೆಚ್ಚು ಬಂಕುಗಳನ್ನು ಮುಚ್ಚಿತು. ಅಷ್ಟು ದೊಡ್ಡ ಕಂಪನಿ ಕಾದಿದ್ದು ಮತ್ತೆ ತೆರೆಯಿತು. ನನ್ನ ಗೆಳೆಯರ ಹತ್ತಿರ ಕಾಯುವಷ್ಟು ದುಡ್ಡಿರಲಿಲ್ಲ.

ಅವರು ಈಗ ವಿಸ್ಕಾನ್ಸಿನ್‌ಗೇ ಬಂದು ಮತ್ತೆ ಬಂಕ್ ನಡೆಸುತ್ತಿದ್ದಾರೆ. 9.18 ಬಿಟ್ಟುಕೊಡುತ್ತೀರಾ ಅಂತ ಮೊನ್ನೆ ಕೇಳಿದೆ. ತಕ್ಷಣ ಉತ್ತರ ಬರಲಿಲ್ಲ. ಅವರಿಗೆ ಸಾಲದ ಕಂತು ಇದೆ, ನನಗೆ ಗೊತ್ತು. ಈ ಕಾನೂನನ್ನು ಪೂರ್ತಿ ಕಿತ್ತುಹಾಕುವ ಮಸೂದೆ ಈಗಾಗಲೇ ಹಲವು ಸಲ ಬಂದು ಹೋಗಿದೆ, ಮತ್ತೆ ಬಂದೇ ಬರುತ್ತದೆ. ಶೇಕಡಾವಾರು ತೆಗೆಯಿರಿ, ಅಸಲಿನ ಗೆರೆ ಮತ್ತು ದಾವೆಯ ಹಕ್ಕನ್ನು ಮುಟ್ಟಬೇಡಿ ಅಂತ ನಮ್ಮ ಕ್ಷೇತ್ರದ ಪ್ರತಿನಿಧಿಗೆ ಇಮೇಲ್ ಬರೆದಿದ್ದೇನೆ. ಕಳಿಸುವ ಮುಂಚೆ ಅವರಿಗೆ ತೋರಿಸಿದೆ. ಎರಡು ಸಲ ಓದಿದರು. "ಮೊದಲ ಸಾಲಿಗೆ ನನ್ನ ಒಪ್ಪಿಗೆ ಇಲ್ಲ ಅಣ್ಣ, ಆದ್ರೂ ಕಳಿಸಿ" ಅಂದರು.