ಮಧ್ಯಾಹ್ನ ಬಲೂನು ಹಾರುವುದಿಲ್ಲ
ತಮಿಳುನಾಡಿನ ಪೊಳ್ಳಾಚಿಯ ಬಿಸಿಗಾಳಿ ಬಲೂನು ಉತ್ಸವವನ್ನು ಇಡೀ ದಿನ ಕುಳಿತು ನೋಡಬಹುದು ಎಂದು ಅದರ ಕುರಿತ ಲೇಖನವೊಂದರಲ್ಲಿ ಓದಿದೆ. ಬೆಂಗಳೂರಿನಿಂದ ತಿಂಡಿ ಮುಗಿಸಿ ಹೊರಟವರಿಗೆ ಅಲ್ಲಿ ಸಿಗುವುದು ಖಾಲಿ ಮೈದಾನ! ಬಿಸಿಲೇರಿದಂತೆ ಕಾದ ನೆಲದಿಂದ ಗಾಳಿ ಮೇಲೆದ್ದು ಅಲ್ಲೋಲಕಲ್ಲೋಲವಾಗುತ್ತದೆ; ಹಾಗಾಗಿ ಹಾರಾಟ ಸೂರ್ಯೋದಯದ ಆಸುಪಾಸಿನಲ್ಲಿ, ಇಲ್ಲವೇ ಸಂಜೆ. ಬಲೂನಿಗೆ ಚುಕ್ಕಾಣಿಯಿಲ್ಲ. ಪ್ರೊಪೇನ್ ಅನಿಲದ ಉರಿಯನ್ನು ಹೆಚ್ಚು ಕಡಿಮೆ ಮಾಡಿ ಏರಿಳಿಯುತ್ತಾ, ಬೇಕಾದ ದಿಕ್ಕಿನ ಗಾಳಿ ಬೀಸುವ ಎತ್ತರವನ್ನು ಪೈಲಟ್ ಹುಡುಕಬೇಕು. ನನಗಂತೂ ಹಾರಾಟಕ್ಕಿಂತ ಅದರ ಮುಂಚಿನ ಹೊತ್ತೇ ಇಷ್ಟ: ಫ್ಯಾನಿನ ಗಾಳಿಗೆ ಬಟ್ಟೆ ಉಬ್ಬುವುದು, ಬರ್ನರ್ ಗರ್ಜಿಸಿದೊಡನೆ ಮಲಗಿದ್ದ ಆನೆಯಂತೆ ಮೈಮುರಿದು ಏಳುವುದು. ನಮ್ಮ ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಿನಲ್ಲೂ ಇಂಥದ್ದು ನಡೆಯಲಿ ಎನ್ನುವವರಿದ್ದಾರೆ. ಆದರೆ ಅಲ್ಲಿ ಸುತ್ತಲೂ ಅಪಾರ್ಟ್‌ಮೆಂಟು, ವಿದ್ಯುತ್ ತಂತಿ. ಗಾಳಿ ಒಯ್ದಲ್ಲಿಗೆ ಹೋಗುವ ಬಲೂನು ಇಳಿಯುವುದೆಲ್ಲಿ? ಪೊಳ್ಳಾಚಿಗೆ ಹೋಗುವವರು ಹಿಂದಿನ ದಿನವೇ ಹೊರಟು ಅಲ್ಲೇ ತಂಗಿರಿ.