ಬೆಲೆಚೀಟಿಯಲ್ಲಿಲ್ಲದ ಅರವತ್ತಾರು ಸೆಂಟು

ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವಳು ನಾನು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಂಜೆ ನನ್ನ ಕ್ಯಾಷ್ ಟ್ಯಾಲಿ ಆಗಲಿಲ್ಲ. ಐವತ್ತು ರೂಪಾಯಿ ಕಡಿಮೆ ಬಂದಿತ್ತು. ಮ್ಯಾನೇಜರ್ ‘ಕೈಯಿಂದ ಹಾಕಿಬಿಡಿ ಮೇಡಂ, ಮನೆಗೆ ಹೋಗೋಣ’ ಎಂದರೂ ಕೇಳದೆ, ರಾತ್ರಿ ಎಂಟೂವರೆಗೆ ಡ್ರಾಯರಿನ ಹಿಂಬದಿಯಲ್ಲಿ ಸಿಕ್ಕಿಕೊಂಡಿದ್ದ ನೋಟನ್ನು ಹೊರಗೆಳೆದು ತೋರಿಸಿದ ಮೇಲೆಯೇ ನಾನು ಎದ್ದದ್ದು. ಹಾಸನದ ನಮ್ಮ ಬಳಗದಲ್ಲಿ ಇಂದಿಗೂ ಯಾರ ಮನೆಯ ಮದುವೆಯಾದರೂ ಮುಯ್ಯಿಯ ಲೆಕ್ಕಕ್ಕೆ ನನ್ನನ್ನೇ ಕೂರಿಸುತ್ತಾರೆ. ಇದನ್ನು ಮೊದಲೇ ಹೇಳಿಕೊಳ್ಳುತ್ತಿರುವುದು ಜಂಬಕ್ಕಲ್ಲ. ಅಮೆರಿಕದ ಒಂದು ಅಂಗಡಿಯಲ್ಲಿ ನನಗಾದ ಅವಮಾನದ ಅಳತೆ ನಿಮಗೆ ಸರಿಯಾಗಿ ಗೊತ್ತಾಗಲಿ ಎಂದು.

ಕಳೆದ ವರ್ಷ ಅಕ್ಟೋಬರಿನಲ್ಲಿ ನಾನು, ನಮ್ಮ ಯಜಮಾನರು ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಹೋದೆವು. ನ್ಯೂಜೆರ್ಸಿಯ ಎಡಿಸನ್. ಊರ ತುಂಬ ನಮ್ಮವರೇ; ಓಕ್ ಟ್ರೀ ರಸ್ತೆಯಲ್ಲಿ ನಿಂತರೆ ಸೀರೆ ಅಂಗಡಿ, ಒಡವೆ ಅಂಗಡಿ, ದೋಸೆ ಹೋಟೆಲು. ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದು ಡಾಲರ್ ಅಂಗಡಿ ಇತ್ತು. ಹೆಸರು ಡಾಲರ್ ಅಂಗಡಿಯಾದರೂ ಒಳಗಿನ ಸಾಮಾನಿಗೆಲ್ಲ ಒಂದೂಕಾಲು ಡಾಲರು. ಅಲ್ಲಿಗೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮಗಳು ಕೈಗೆ ಹತ್ತು ಡಾಲರಿನ ನೋಟು ಕೊಟ್ಟಿದ್ದಳು. ಎಂಟು ಸಾಮಾನು, ಎಂಟು ಸಲ ಒಂದೂಕಾಲು, ಸರಿಯಾಗಿ ಹತ್ತು. ಪಾತ್ರೆ ಉಜ್ಜುವ ಸ್ಪಂಜು ಎರಡು, ಪ್ಲಾಸ್ಟಿಕ್ ಡಬ್ಬ ಎರಡು, ಫೋಟೋ ಚೌಕಟ್ಟು ಒಂದು, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಒಂದು, ಮೇಣದಬತ್ತಿ ಒಂದು, ಯಜಮಾನರು ಊರಿನಲ್ಲೇ ಮರೆತು ಬಂದಿದ್ದ ನೇಲ್ ಕಟರ್ ಒಂದು. ಚಿಲ್ಲರೆಯ ರಗಳೆಯೇ ಬೇಡ ಎಂದು ಬೀಗುತ್ತಾ ನೋಟನ್ನು ಮುಂದಿಟ್ಟೆ. ಕೌಂಟರಿನ ಹುಡುಗಿ ಎಲ್ಲವನ್ನೂ ಕುಂಯ್ ಕುಂಯ್ ಎನಿಸಿ, ಹತ್ತು ಡಾಲರ್ ಅರವತ್ತಾರು ಸೆಂಟು ಎಂದಳು.

ನಾನು ನಕ್ಕೆ. ಹಳೆಯ ಕ್ಯಾಷಿಯರೊಬ್ಬಳು ಹೊಸ ಕ್ಯಾಷಿಯರಳ ತಪ್ಪನ್ನು ಕ್ಷಮಿಸುವ ನಗು ಅದು. ‘ಇನ್ನೊಂದು ಸಲ ಕೂಡಿ ನೋಡಮ್ಮ, ಯಂತ್ರ ತಪ್ಪಿರಬೇಕು’ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿ, ಬೆರಳು ಮಡಚಿ ಲೆಕ್ಕವನ್ನೂ ತೋರಿಸಿದೆ. ಅವಳು ಒಂದೇ ಪದ ಹೇಳಿದಳು: ‘ಟ್ಯಾಕ್ಸ್.’ ಚೀಟಿಯಲ್ಲಿ ಬರೆದಿಲ್ಲವಲ್ಲ ಎಂದೆ. ಎಲ್ಲೂ ಬರೆದಿರುವುದಿಲ್ಲ ಎಂದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದೆಂದರೆ ಏನೆಂದು ನನಗೆ ಅರ್ಥವಾದದ್ದು ಅವತ್ತು. ಹಿಂದೆ ಸಾಲಿನಲ್ಲಿ ಐದಾರು ಜನ. ಒಬ್ಬ ಪುಣ್ಯಾತ್ಮ ಒಂದು ಡಾಲರ್ ಚಾಚಿ ‘ಪರವಾಗಿಲ್ಲ, ತೆಗೆದುಕೊಳ್ಳಿ’ ಎಂದ. ಕ್ಯಾಷ್ ಕಡಿಮೆ ಬಿದ್ದಾಗ ಗಿರಾಕಿಯ ಕೈಯಿಂದ ತುಂಬಿಸಿಕೊಳ್ಳುವ ಗತಿ ನನಗೆ ಬಂತೇ ಎಂದು ಕಿವಿ ಬಿಸಿಯಾಯಿತು. ಬೇಡವೆಂದು, ಒಂದು ಸಾಮಾನನ್ನು ವಾಪಸು ಇಟ್ಟೆ. ಯಾವುದನ್ನು ಎಂದು ಕೇಳಬೇಡಿ. ಮದುವೆಯಾಗಿ ನಲವತ್ತು ವರ್ಷವಾದ ಯಾವ ಹೆಂಗಸಾದರೂ ನೇಲ್ ಕಟರನ್ನೇ ಇಡುತ್ತಿದ್ದಳು. ಒಂಬತ್ತು ಡಾಲರ್ ಮೂವತ್ತಮೂರು ಸೆಂಟಾಯಿತು. ಉಳಿದ ಅರವತ್ತೇಳು ಸೆಂಟನ್ನು ನಾಲ್ಕು ಬಗೆಯ ನಾಣ್ಯಗಳಲ್ಲಿ ಅಂಗೈಗೆ ಸುರಿದಳು. ಅದರಲ್ಲಿ ಹತ್ತು ಸೆಂಟಿನದು ಐದು ಸೆಂಟಿನದಕ್ಕಿಂತ ಚಿಕ್ಕದು! ಆ ಟಂಕಸಾಲೆಯವರನ್ನು ಒಂದು ದಿನ ನಮ್ಮ ಕೌಂಟರಿನಲ್ಲಿ ಕೂರಿಸಬೇಕಿತ್ತು.

ಸಂಜೆ ಅಳಿಯಂದಿರಿಗೆ ರಸೀದಿ ತೋರಿಸಿದೆ. ‘ಅತ್ತೆ, ಇಲ್ಲಿ ನಮ್ಮ ಜಿಎಸ್‌ಟಿಯ ಹಾಗೆ ದೇಶಕ್ಕೆಲ್ಲ ಸೇರಿದ ಮಾರಾಟ ತೆರಿಗೆ ಇಲ್ಲ. ರಾಜ್ಯದವರು ಹಾಕುತ್ತಾರೆ, ಅದರ ಮೇಲೆ ಕೌಂಟಿಯವರು, ಅಂದರೆ ನಮ್ಮ ಜಿಲ್ಲೆಯಂಥದ್ದು, ಆಮೇಲೆ ನಗರದವರು’ ಎಂದು ಶುರು ಮಾಡಿದರು. ನ್ಯೂಜೆರ್ಸಿಯಲ್ಲಿ ರಾಜ್ಯಕ್ಕೆಲ್ಲ ಶೇ 6.625. ಮೊದಲು 7 ಇದ್ದುದನ್ನು ಎರಡು ಕಂತಿನಲ್ಲಿ ಇಳಿಸಿ 2018ರಿಂದ ಇಲ್ಲಿಗೆ ತಂದು ನಿಲ್ಲಿಸಿದ್ದಾರೆ. ಇಳಿಸಿದ್ದು ಸಂತೋಷ, ಆದರೆ ದಶಮಾಂಶದ ಮುಂದೆ ಮೂರು ಅಂಕಿ ಬರುವ ಹಾಗೆ ಇಳಿಸುವವರು ಮನುಷ್ಯರೇ? ಟೆಕ್ಸಾಸ್‌ನಲ್ಲಿರುವ ನನ್ನ ತಂಗಿಯ ಮಗನಿಗೆ ರಾಜ್ಯದ್ದು 6.25, ಊರಿನದು 2, ಒಟ್ಟು 8.25. ಹೀಗೆ ತಮ್ಮ ತಮ್ಮ ಪಾಲು ಕೂಡಿಸುವ ಘಟಕಗಳು ಆ ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚಿವೆಯಂತೆ.

‘ಊರೂರಿಗೆ ದರ ಬೇರೆ, ಅದಕ್ಕೇ ಚೀಟಿಯಲ್ಲಿ ಸೇರಿಸುವುದಿಲ್ಲ’ ಎಂದರು ಅಳಿಯಂದಿರು. ‘ಊರು ಬೇರೆಯಾದರೆ ಏನಂತೆ? ಅಂಗಡಿ ಇರುವುದು ಒಂದೇ ಊರಿನಲ್ಲಲ್ಲವೇ? ಅದೇನು ಜಾತ್ರೆಯ ಬೊಂಬೆ ಅಂಗಡಿಯ ಹಾಗೆ ಊರೂರು ಸುತ್ತುತ್ತದೆಯೇ?’ ಎಂದೆ. ಅವರು ಸ್ವಲ್ಪ ಹೊತ್ತು ಮೀಸೆ ಸವರಿಕೊಂಡರು. ಕೊನೆಗೆ ನಿಜ ಹೊರಬಂತು. ಒಬ್ಬ ತೆರಿಗೆ ಸೇರಿಸಿ ಚೀಟಿ ಅಂಟಿಸಿದರೆ ಪಕ್ಕದವನ ಬೆಲೆ ಅಗ್ಗವಾಗಿ ಕಾಣುತ್ತದೆ. ಹೀಗಾಗಿ ಯಾರೂ ಮೊದಲು ಬಾಯಿ ಬಿಡುವುದಿಲ್ಲ.

ಯಜಮಾನರು ನಡುವೆ ಬಾಯಿ ಹಾಕಿ, ‘ನಮ್ಮಲ್ಲೂ ಹಿಂದೆ ಹೀಗೇ ಇತ್ತಲ್ಲವೇ?’ ಎಂದರು. ಹೌದು, ಮರೆತೇಬಿಟ್ಟಿದ್ದೆ. ನನ್ನ ಮದುವೆಯ ಹೊಸತರಲ್ಲಿ ಡಬ್ಬಗಳ ಮೇಲೆ ಬೆಲೆಯ ಪಕ್ಕದಲ್ಲಿ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಇಂಗ್ಲಿಷಿನಲ್ಲಿ ಇರುವೆ ಗಾತ್ರದ ಅಕ್ಷರಗಳಿರುತ್ತಿದ್ದವು. ಆ ‘ಸ್ಥಳೀಯ ತೆರಿಗೆ’ ಎಷ್ಟು ಎಂಬುದು ಅಂಗಡಿಯ ಶೆಟ್ಟರ ಅವತ್ತಿನ ಮನಸ್ಥಿತಿಗೆ ಬಿಟ್ಟದ್ದಾಗಿತ್ತು. ‘ಎಲ್ಲ ತೆರಿಗೆಗಳು ಸೇರಿ’ ಎಂದು ಎಂಆರ್‌ಪಿ ಅಚ್ಚಾಗತೊಡಗಿದ ಮೇಲೆ ನಾವು ಆ ಕಾಲವನ್ನು ಮರೆತು ಸುಖವಾಗಿದ್ದೆವು.

ಸೋತ ಮೇಲೆ ಕಲಿಯುವುದು ನನ್ನ ಚಾಳಿ. ಒಂದು ನೋಟುಪುಸ್ತಕ ತೆಗೆದು ಯಾವುದಕ್ಕೆ ತೆರಿಗೆ, ಯಾವುದಕ್ಕೆ ಇಲ್ಲ ಎಂದು ಬರೆಯಲು ಕೂತೆ. ಅಕ್ಕಿ, ಬೇಳೆ, ತರಕಾರಿಗೆ ನ್ಯೂಜೆರ್ಸಿಯಲ್ಲಿ ತೆರಿಗೆ ಇಲ್ಲ. ಬಟ್ಟೆಗೆ ಇಲ್ಲ. ಬಾಟಲಿ ನೀರಿಗೆ ಇಲ್ಲ, ಬಣ್ಣದ ಸೋಡಾಕ್ಕೆ ಉಂಟು. ಅಂಗಡಿಯಲ್ಲೇ ಬಿಸಿ ಮಾಡಿ ಕೊಟ್ಟ ತಿಂಡಿಗೆ ಉಂಟು. ಮಿಠಾಯಿಗೆ ಉಂಟು, ಆದರೆ ಮಿಠಾಯಿಯೊಳಗೆ ಹಿಟ್ಟು ಇದ್ದರೆ ಕಾನೂನಿನ ಪ್ರಕಾರ ಅದು ಮಿಠಾಯಿಯಲ್ಲ, ಆಹಾರ! ಹಾಗಾಗಿ ಬರೀ ಚಾಕೊಲೇಟಿಗೆ ತೆರಿಗೆ, ಒಳಗೆ ಬಿಸ್ಕತ್ತಿರುವ ಕಿಟ್‌ಕ್ಯಾಟಿಗೆ ಇಲ್ಲ. ನಾನು ಕನ್ನಡಕ ಏರಿಸಿ ಪೊಟ್ಟಣದ ಹಿಂದೆ ಗೋಧಿ ಹಿಟ್ಟು ಹುಡುಕುವುದನ್ನು ಏಳು ವರ್ಷದ ಮೊಮ್ಮಗ ಎರಡು ದಿನ ನೋಡಿದ. ಮೂರನೆಯ ದಿನ ಊಟದ ಹೊತ್ತಿಗೆ ಕಿಟ್‌ಕ್ಯಾಟ್ ಹಿಡಿದು ಬಂದು, ‘ಅಜ್ಜಿ, ಇದು ಆಹಾರ ಎಂದು ನೀವೇ ಹೇಳಿದಿರಿ’ ಎಂದು ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಮಗಳು ನನ್ನನ್ನು ನೋಡಿದ ನೋಟಕ್ಕೆ ಯಾವ ರಿಯಾಯಿತಿಯೂ ಇರಲಿಲ್ಲ.

ನವೆಂಬರಿನಲ್ಲಿ ನ್ಯೂಯಾರ್ಕಿಗೆ ಹೋದೆವು. ಅಲ್ಲಿ ರಾಜ್ಯಕ್ಕೆ 4, ನಗರಕ್ಕೆ 4.5, ಜೊತೆಗೆ ರೈಲು ಬಸ್ಸಿನ ವ್ಯವಸ್ಥೆಗೆಂದು 0.375, ಒಟ್ಟು 8.875. ನಾನು ಸಿದ್ಧವಾಗಿಯೇ ಹೋಗಿದ್ದೆ. ಆದರೆ ಬೇಗಲ್ ನನ್ನ ಪಟ್ಟಿಯಲ್ಲಿರಲಿಲ್ಲ. ನಮ್ಮ ಉದ್ದಿನವಡೆಯನ್ನು ಮೂರು ಪಟ್ಟು ಹಿಗ್ಗಿಸಿ, ಮೈದಾದಲ್ಲಿ ಮಾಡಿ, ಒಂದು ವಾರ ಬಿಸಿಲಿಗಿಟ್ಟರೆ ಹೇಗೋ ಹಾಗಿರುತ್ತದೆ. ಎರಡು ಡಾಲರು ಎಂದು ಬರೆದಿತ್ತು. ಯಜಮಾನರು ‘ಅಡ್ಡಕ್ಕೆ ಸೀಳಿ ಕೊಡಿ’ ಎಂದರು. ಬಿಲ್ಲು ಎರಡು ಡಾಲರ್ ಹದಿನೆಂಟು ಸೆಂಟಾಯಿತು. ಮುಂದಿದ್ದವನು ಅದನ್ನೇ ಎರಡಕ್ಕೆ ಒಯ್ದಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ವಿಚಾರಿಸಿದರೆ, ಇಡೀ ಬೇಗಲ್ ಕಟ್ಟಿಸಿಕೊಂಡು ಹೋದರೆ ಅದು ದಿನಸಿ, ತೆರಿಗೆ ಇಲ್ಲ. ಅಂಗಡಿಯವನು ಚಾಕು ಹಾಕಿದ ಕ್ಷಣವೇ ಅದು ತಯಾರಿಸಿದ ಆಹಾರ, ತೆರಿಗೆ ಉಂಟು. ಹದಿನೆಂಟು ಸೆಂಟು ಚಾಕುವಿನದು!

‘ಸೀಳುವುದು ಬೇಡ, ಹಾಗೇ ಕೊಡಿ’ ಎಂದೆ. ಹೊರಗೆ ಬೆಂಚಿನ ಮೇಲೆ ಚಳಿಗಾಳಿಯಲ್ಲಿ ಕೂತು ಯಜಮಾನರು ಅದಕ್ಕೆ ಬಾಯಿ ಹಾಕಿದರು. ಬಾಯಿ ತೆಗೆದಾಗ ಬೇಗಲ್ ಇದ್ದಂತೆಯೇ ಇತ್ತು. ಮೇಲಿನ ಹಲ್ಲುಸೆಟ್ಟು ಅದರಲ್ಲಿ ನಾಟಿಕೊಂಡಿತ್ತು. ಪಾರಿವಾಳಗಳು ಕೂಡ ಒಂದು ಹೆಜ್ಜೆ ಹಿಂದೆ ಸರಿದವು. ಹಲ್ಲಿಲ್ಲದ ಬಾಯಿಯಿಂದ ಅವರು ನನಗೆ ಏನೋ ಹೇಳಿದರು. ಅಕ್ಷರ ಸ್ಪಷ್ಟವಿರಲಿಲ್ಲ, ಭಾವ ಸ್ಪಷ್ಟವಿತ್ತು.

ಅಮೆರಿಕದವರನ್ನು ನೋಡಿ ನಾವು ನಗುವಂತೆಯೂ ಇಲ್ಲ. ಪರೋಟ ರೊಟ್ಟಿಯ ಜಾತಿಗೆ ಸೇರುವುದಿಲ್ಲ, ಅದಕ್ಕೆ ಶೇ 18 ಜಿಎಸ್‌ಟಿ ಎಂದು 2020ರಲ್ಲಿ ತೀರ್ಪು ಕೊಟ್ಟದ್ದು ಯಾವುದಕ್ಕೆ ಎಷ್ಟು ತೆರಿಗೆ ಎಂದು ಮೊದಲೇ ಹೇಳುವ ನಮ್ಮ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವೇ. ನಾವು ವಿಮಾನ ಹತ್ತುವ ಕೆಲವೇ ದಿನ ಮುಂಚೆ, 2025ರ ಸೆಪ್ಟೆಂಬರ್ 22ರಿಂದ, ರೊಟ್ಟಿ ಪರೋಟ ಎರಡಕ್ಕೂ ತೆರಿಗೆ ಸೊನ್ನೆಯಾಯಿತು. ಐದು ವರ್ಷದ ದಾಯಾದಿ ಜಗಳ ಹಾಗೆ ಮುಗಿಯಿತು.

ಡಿಸೆಂಬರಿನಲ್ಲಿ ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳುವ ಮಾತು ಬಂತು. ಬೆಲೆ 1,200 ಡಾಲರು. ನನ್ನ ಪುಸ್ತಕ ತಿರುವಿ, ತೆರಿಗೆ 79 ಡಾಲರ್ 50 ಸೆಂಟು ಎಂದು ಘೋಷಿಸಿದೆ. ಮಾರಾಟ ತೆರಿಗೆಯನ್ನೇ ಹಾಕದ ರಾಜ್ಯಗಳು ಐದಿವೆ: ಅಲಾಸ್ಕಾ, ಮೊಂಟಾನಾ, ಆರೆಗನ್, ನ್ಯೂಹ್ಯಾಂಪ್‌ಶೈರ್, ಡೆಲವೇರ್. ಡೆಲವೇರ್ ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ. ಅಲ್ಲಿಂದ ಆನ್‌ಲೈನಿನಲ್ಲಿ ತರಿಸಿಬಿಡಿ ಎಂದರೆ, ಸಾಮಾನು ತಲುಪುವ ವಿಳಾಸದ ತೆರಿಗೆ ಬೀಳುತ್ತದೆ, 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ದಾರಿಯನ್ನೂ ಮುಚ್ಚಿದೆ ಎಂದರು ಅಳಿಯಂದಿರು. ‘ಹಾಗಾದರೆ ಹೋಗಿಯೇ ತರೋಣ’ ಎಂದೆ. ಕ್ರಿಸ್‌ಮಸ್ ರಜೆ ಬೇರೆ. ಬುತ್ತಿಗೆ ಚಿತ್ರಾನ್ನ ಕಲಸಿದೆ.

ಹೆದ್ದಾರಿಗೆ ಟೋಲು. ಡೆಲವೇರ್ ನದಿಯ ಸೇತುವೆಗೂ ಟೋಲು. ಅದೂ ಡೆಲವೇರಿಗೆ ಹೋಗುವ ದಿಕ್ಕಿನಲ್ಲಿ ಮಾತ್ರ, ಬರುವಾಗ ಇಲ್ಲ. ಒಳಗೆ ಬಂದವನನ್ನು ಹೇಗೂ ಬರಿಗೈಯಲ್ಲಿ ಕಳಿಸುವುದಿಲ್ಲ ಎಂಬ ಭರವಸೆ ಇರಬೇಕು. ಕ್ರಿಸ್ಟಿಯಾನಾ ಎಂಬಲ್ಲಿನ ಮಾಲ್ ಮುಂದೆ ನಿಂತ ಕಾರುಗಳಲ್ಲಿ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮೇರಿಲ್ಯಾಂಡಿನ ನಂಬರುಗಳೇ ಹೆಚ್ಚಿದ್ದವು. ಅಂಥ ಜಾಣತನ ಹೊಳೆದದ್ದು ನನಗೊಬ್ಬಳಿಗೇ ಎಂದುಕೊಂಡಿದ್ದವಳಿಗೆ ಸ್ವಲ್ಪ ಪಿಚ್ಚೆನಿಸಿತು. ಡೆಲವೇರ್ ಕೂಡ ಧರ್ಮಛತ್ರವಲ್ಲ. ಗಿರಾಕಿಯನ್ನು ಬಿಟ್ಟು ಅಂಗಡಿಯವನ ಒಟ್ಟು ವಹಿವಾಟಿನ ಮೇಲೆ ವಸೂಲಿ ಮಾಡುತ್ತದೆ.

ಆದರೂ ಚೀಟಿಯಲ್ಲಿ ಬರೆದದ್ದೇ ಬಿಲ್ಲಿನಲ್ಲಿ ಬಂದಾಗ ನನಗಾದ ಆನಂದವನ್ನು ಹೇಳಲಾರೆ. 1,200 ಎಂದರೆ 1,200. ಆ ಸಡಗರದಲ್ಲೇ ಯಜಮಾನರು ಎಲ್ಲೋ ಮಾಯವಾಗಿ ಚರ್ಮದ ಚೀಲದಲ್ಲಿಟ್ಟ ನೇಲ್ ಕಟರ್ ಸೆಟ್ಟೊಂದನ್ನು ಹಿಡಿದು ಬಂದರು. 14 ಡಾಲರ್ 99 ಸೆಂಟು. ‘ತೆರಿಗೆ ಇಲ್ಲ ಕಣೇ’ ಎಂದರು. ಡಾಲರ್ ಅಂಗಡಿಯಲ್ಲಿ ತೆರಿಗೆ ಸೇರಿ ಒಂದು ಡಾಲರ್ ಮೂವತ್ತಮೂರು ಸೆಂಟಿಗೆ ಸಿಗುತ್ತಿದ್ದ ಪದಾರ್ಥ. ಮೊಮ್ಮಗನಿಗೆ ಚಿತ್ರಾನ್ನ ಬೇಡವೆಂದು ಹೋಟೆಲಿಗೆ ಹೋದೆವು. ಅಲ್ಲೂ ತೆರಿಗೆ ಇರಲಿಲ್ಲ, ಟಿಪ್ಸ್ ಇತ್ತು. ಟೋಲು, ಪೆಟ್ರೋಲು, ಊಟ, ಟಿಪ್ಸ್ ಎಲ್ಲವನ್ನೂ ವಾಪಸು ಬರುವ ದಾರಿಯಲ್ಲಿ ನಾನು ಮನಸ್ಸಿನಲ್ಲೇ ಕೂಡಿದೆ. ಮೊತ್ತವನ್ನು ಯಾರಿಗೂ ಹೇಳಲಿಲ್ಲ.

ಮಾರ್ಚ್ ತಿಂಗಳ ಒಂದು ರಾತ್ರಿ ಅಳಿಯಂದಿರು ಕಂಪ್ಯೂಟರಿನ ಮುಂದೆ ಕೂತು ಆದಾಯ ತೆರಿಗೆಯ ರಿಟರ್ನ್ಸ್ ತುಂಬುತ್ತಿದ್ದರು. ಹಳೆಯ ಅಭ್ಯಾಸ, ನಾನು ಬೆನ್ನ ಹಿಂದೆ ನಿಂತು ಸಾಲು ಸಾಲು ಓದುತ್ತಿದ್ದೆ. ನ್ಯೂಜೆರ್ಸಿಯ ಫಾರಮ್ಮಿನಲ್ಲಿ ಒಂದು ಸಾಲು: ಬೇರೆ ರಾಜ್ಯದಲ್ಲಿ ಕೊಂಡು ತಂದ ಸಾಮಾನುಗಳ ಮೇಲಿನ ಬಳಕೆ ತೆರಿಗೆ. ಅಂದರೆ, ತೆರಿಗೆ ಕಟ್ಟದೆ ಕೊಂಡು ಇಲ್ಲಿಗೆ ತಂದು ಬಳಸಿದರೆ ಅದೇ ಶೇ 6.625ನ್ನು ನೀವೇ ಲೆಕ್ಕ ಹಾಕಿ ನೀವೇ ಕಟ್ಟಬೇಕು. ಅಳಿಯಂದಿರ ಬೆರಳು ಸೊನ್ನೆಯ ಗುಂಡಿಯ ಮೇಲಿತ್ತು.

‘ಅಲ್ಲಿ ಲ್ಯಾಪ್‌ಟಾಪ್ ಬರಬೇಕಲ್ಲವೇ?’ ಎಂದೆ.

‘ಅತ್ತೆ, ಇದನ್ನು ಯಾರೂ ತುಂಬುವುದಿಲ್ಲ.’

‘ಕೆಳಗೆ ಸಹಿ ಇದೆಯಲ್ಲ, ಎಲ್ಲ ನಿಜ ಎಂದು?’

ಅವರು ತಿರುಗಿ ನನ್ನ ಮುಖ ನೋಡಿದರು. ಡೆಲವೇರಿಗೆ ಹೊರಡಿಸಿದವಳೂ ನಾನೇ, ಚಿತ್ರಾನ್ನ ಕಟ್ಟಿದವಳೂ ನಾನೇ. ಆದರೆ ಲೆಡ್ಜರಿನಲ್ಲಿ ಸುಳ್ಳು ಅಂಕಿ ಕೂತರೆ ನನಗೆ ನಿದ್ದೆ ಬರುವುದಿಲ್ಲ. ಅದು ಕಾಯಿಲೆಯಂತೆ, ಏನು ಮಾಡಲಿ? 1,200ಕ್ಕೆ 79.50. ‘ನೇಲ್ ಕಟರಿಗೂ ಸೇರಿಸಿ’ ಎಂದೆ. ಅದಕ್ಕೆ 99 ಸೆಂಟು. ಒಟ್ಟು 80 ಡಾಲರ್ 49 ಸೆಂಟು. ಅಳಿಯಂದಿರು ಉಸಿರು ಬಿಟ್ಟು ಒತ್ತಿದರು. ಸಾಫ್ಟ್‌ವೇರು ಅದನ್ನು 80 ಎಂದು ಮಾಡಿಕೊಂಡಿತು.

‘ಉಳಿದ 49 ಸೆಂಟು ಎಲ್ಲಿ ಹೋಯಿತು?’

‘ಬಿಡಿ ಅತ್ತೆ, ಅದನ್ನು ಸರಕಾರವೇ ಬಿಟ್ಟುಬಿಡುತ್ತದೆ.’

ಡಾಲರ್ ಅಂಗಡಿಯಲ್ಲಿ ಅರವತ್ತಾರು ಸೆಂಟಿಗೆ ನನ್ನ ಮಾನ ಕಳೆದ ಸರಕಾರವೇ ಇದು? ಒಂದು ಸೆಂಟಿನ ನಾಣ್ಯವನ್ನಂತೂ ನಾವು ಅಲ್ಲಿದ್ದಾಗಲೇ, ನವೆಂಬರಿನಲ್ಲಿ, ಚಲಾವಣೆಗೆಂದು ಅಚ್ಚು ಹಾಕುವುದನ್ನು ಫಿಲಡೆಲ್ಫಿಯಾದ ಟಂಕಸಾಲೆ ನಿಲ್ಲಿಸಿತ್ತು. ಇನ್ನು ಯಾವ ಮುಖ ಹೊತ್ತು ಮೂರು ದಶಮಾಂಶದ ತೆರಿಗೆ ಕೇಳುತ್ತಾರೋ ನೋಡೋಣ.

ಅಷ್ಟರಲ್ಲಿ ಸೋಫಾದ ಕಡೆಯಿಂದ ಟಿಕ್ ಎಂದು ಸದ್ದಾಯಿತು. ಯಜಮಾನರು ಚರ್ಮದ ಚೀಲ ಬಿಚ್ಚಿಕೊಂಡು ಕೂತಿದ್ದರು. ಈಗ ತೆರಿಗೆಯೂ ಸೇರಿ ಅದರ ಬೆಲೆ 15 ಡಾಲರ್ 98 ಸೆಂಟು. ಇಪ್ಪತ್ತು ಉಗುರಿಗೆ ಹಂಚಿದರೆ ಉಗುರೊಂದಕ್ಕೆ ಎಂಬತ್ತು ಸೆಂಟು.

‘ರಾತ್ರಿ ಹೊತ್ತು ಉಗುರು ಕತ್ತರಿಸಬಾರದು ಎಂದು ಎಷ್ಟು ಸಲ ಹೇಳಿದ್ದೇನೆ?’ ಎಂದು ಗದರಿದೆ.

ಅವರು ತಲೆ ಎತ್ತದೆ, ‘ಹಾಸನದಲ್ಲಿ ಈಗ ಬೆಳಗಾಗಿದೆ’ ಎಂದು ಮುಂದಿನ ಬೆರಳಿಗೆ ಹೋದರು.