ಮಗುವನ್ನು ಬೆಳೆಸಿದ ಕ್ಲಬ್ಬಿಗೂ ಪಾಲು ಕೊಡಿ

ಶನಿವಾರ ಮಗನ ಫುಟ್‌ಬಾಲ್ ಟೂರ್ನಮೆಂಟಿಗೆ ಸಿಯಾಟಲ್ ಕಡೆಯಿಂದ ಯಾಕಿಮಾ ಊರಿಗೆ ಹೋಗಿ ಬಂದಾಗಿನಿಂದ ತಲೆ ಬಿಸಿಯಾಗಿದೆ. ಬರೆದೇ ಬಿಡುತ್ತೇನೆ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಎದುರು ತಂಡದಲ್ಲಿ ಒಬ್ಬ ಹುಡುಗ ಇದ್ದ. ಹನ್ನೊಂದು ವರ್ಷ ಇರಬಹುದು. ಎರಡೂ ಕಾಲಲ್ಲಿ ಆಡುತ್ತಾನೆ. ಚೆಂಡು ಕಾಲಿಗೆ ಬರುವ ಮೊದಲೇ ಯಾರು ಎಲ್ಲಿದ್ದಾರೆ ಅಂತ ನೋಡಿಕೊಂಡಿರುತ್ತಾನೆ. ನಮ್ಮ ಮೂವರು ಹುಡುಗರನ್ನು ದಾಟಿ ಗೋಲು ಹೊಡೆದಾಗ ನಮ್ಮ ಕಡೆಯ ಅಪ್ಪ ಅಮ್ಮಂದಿರೂ ಚಪ್ಪಾಳೆ ತಟ್ಟಿದರು. ಪಂದ್ಯ ಮುಗಿದ ಮೇಲೆ ನಮ್ಮ ಕೋಚ್ ಅವನ ಅಪ್ಪನ ಹತ್ತಿರ ಹೋಗಿ, ನಮ್ಮ ಕ್ಲಬ್ಬಿನ ಆಯ್ಕೆಯ ಟ್ರೈಔಟ್‌ಗೆ ಕರೆದುಕೊಂಡು ಬನ್ನಿ ಅಂದರು. ಅಪ್ಪ ಸೇಬಿನ ತೋಟದಲ್ಲಿ ಕೆಲಸ ಮಾಡುವವರು. "ವರ್ಷಕ್ಕೆ ಎಷ್ಟಾಗುತ್ತೆ?" ಅಂತ ಕೇಳಿದರು. ಕೋಚ್ ಹೇಳಿದರು. ಅವರು ಥ್ಯಾಂಕ್ಸ್ ಹೇಳಿ, ಮಗನ ಬ್ಯಾಗ್ ಎತ್ತಿಕೊಂಡು ಹೊರಟರು. ಮಾತು ಅಲ್ಲಿಗೇ ಮುಗಿಯಿತು.

ನಮ್ಮ ಕ್ಲಬ್ಬಿನ ಫೀಸು ಮೂರು ಸಾವಿರ ಡಾಲರ್ ದಾಟುತ್ತೆ. ಯೂನಿಫಾರ್ಮ್, ಓಡಾಟ, ಹೋಟೆಲ್ ಎಲ್ಲ ಬೇರೆ. ನನ್ನ ಮಗ ಆ ಹುಡುಗನ ಅರ್ಧದಷ್ಟೂ ಆಡುವುದಿಲ್ಲ. ಅವನ ಮೇಲಿನ ಪ್ರೀತಿ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಅವನಿಗೆ ಈ ಕ್ಲಬ್ಬಿನಲ್ಲಿ ಜಾಗ ಸಿಕ್ಕಿರುವುದು ನನ್ನ ಸಾಫ್ಟ್‌ವೇರ್ ಸಂಬಳದಿಂದ. ಇದನ್ನು ಮನೆಯಲ್ಲಿ ಹೇಳಿಕೊಳ್ಳಲೂ ಕಷ್ಟವಾಗುತ್ತೆ.

ಕೋಚ್ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಮನೆ ನಡೆಯಬೇಕು, ಮೈದಾನದ ಬಾಡಿಗೆ ಕಟ್ಟಬೇಕು. ನನ್ನ ಸಿಟ್ಟು ಮೇಲಿನವರ ಮೇಲೆ. ಇಲ್ಲಿನ ದೊಡ್ಡ ಪ್ರೊಫೆಷನಲ್ ಫುಟ್‌ಬಾಲ್ ಲೀಗಾದ ಮೇಜರ್ ಲೀಗ್ ಸಾಕರ್ ಮತ್ತು ದೇಶದಲ್ಲಿ ಈ ಆಟವನ್ನು ನೋಡಿಕೊಳ್ಳುವ ಯು.ಎಸ್. ಸಾಕರ್ ಫೆಡರೇಷನ್ ಎರಡೂ ಸೇರಿ ಚಿಕ್ಕ ಕ್ಲಬ್ಬುಗಳಿಗೆ ಒಂದೇ ದಾರಿ ಬಿಟ್ಟಿವೆ. ಅದು ಅಪ್ಪ ಅಮ್ಮನ ಜೇಬು.

ಬೇರೆ ದೇಶಗಳಲ್ಲಿ ಇನ್ನೊಂದು ದಾರಿ ಇದೆ. 2001ರಿಂದ ವಿಶ್ವ ಫುಟ್‌ಬಾಲ್ ಸಂಸ್ಥೆ ಫೀಫಾದ ನಿಯಮ ಇದೆ. ಆಟಗಾರ ದುಡ್ಡಿಗೆ ದೇಶದಿಂದ ದೇಶಕ್ಕೆ ವರ್ಗವಾದರೆ, ಆ ದುಡ್ಡಿನ ಶೇಕಡಾ 5ರಷ್ಟು ಅವನನ್ನು 12ರಿಂದ 23ರ ವಯಸ್ಸಿನವರೆಗೆ ತಯಾರು ಮಾಡಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಇದಕ್ಕೆ ಸಾಲಿಡಾರಿಟಿ ಪೇಮೆಂಟ್ ಅನ್ನುತ್ತಾರೆ. ಆಟಗಾರ ಮೊದಲ ಸಲ ಪ್ರೊಫೆಷನಲ್ ಆಗಿ ಸಹಿ ಹಾಕುವಾಗ ಅವನನ್ನು ಬೆಳೆಸಿದ ಕ್ಲಬ್ಬಿಗೆ ಕೊಡಬೇಕಾದ ತರಬೇತಿ ಪರಿಹಾರವೂ ಬೇರೆ ಇದೆ. ಒಬ್ಬ ಒಳ್ಳೇ ಹುಡುಗ ಹೊರಬಂದರೆ ಊರಿನ ಕ್ಲಬ್ಬು ಹತ್ತು ಬಡ ಮಕ್ಕಳನ್ನು ಫೀಸಿಲ್ಲದೇ ಸೇರಿಸಿಕೊಳ್ಳಬಹುದು. ಪ್ರತಿಭೆ ಹುಡುಕಿದರೆ ಲಾಭ ಇದೆ ಅಂತಾದಾಗ ಹುಡುಕುತ್ತಾರೆ, ಅಲ್ವಾ?

ನಮ್ಮೂರಿನ ಕಥೆಯನ್ನೇ ನೋಡಿ. ಡಿಆಂಡ್ರೆ ಯೆಡ್ಲಿನ್ ಸಿಯಾಟಲ್ ಹುಡುಗ. ಲೀಗಿನಲ್ಲಿ ಆಡುವ ಸಿಯಾಟಲ್ ತಂಡ ಸೌಂಡರ್ಸ್‌ನ ಅಕಾಡೆಮಿಗೆ ಹೋಗುವ ಮೊದಲು ರೆಡ್ಮಂಡ್‌ನ ಕ್ರಾಸ್‌ಫೈರ್ ಪ್ರೀಮಿಯರ್ ಕ್ಲಬ್ಬಿನಲ್ಲಿ ಆಡಿದ್ದ. 2014ರ ವಿಶ್ವಕಪ್ಪಿನಲ್ಲಿ ಮಿಂಚಿದ. ಅದೇ ವರ್ಷ ಇಂಗ್ಲೆಂಡಿನ ಟಾಟೆನ್‌ಹ್ಯಾಮ್ ಕ್ಲಬ್ಬು ಅವನನ್ನು ಸುಮಾರು 40 ಲಕ್ಷ ಡಾಲರಿಗೆ ಕೊಂಡಿತು. ಫೀಫಾ ಲೆಕ್ಕದಲ್ಲಿ 12ರಿಂದ 15ರ ವಯಸ್ಸಿನ ಒಂದೊಂದು ವರ್ಷಕ್ಕೆ ಒಟ್ಟು ದುಡ್ಡಿನ ಶೇಕಡಾ 0.25, ಅಂದರೆ 10,000 ಡಾಲರ್. 16ರ ನಂತರ ಅದರ ಎರಡರಷ್ಟು. ಕ್ರಾಸ್‌ಫೈರ್ ಆ ಪಾಲು ಕೇಳಿತು. ಪೈಪೋಟಿ ಕಾಪಾಡುವ ಅಮೆರಿಕದ ಆಂಟಿಟ್ರಸ್ಟ್ ಕಾನೂನಿಗೆ ತೊಡಕಾಗುತ್ತೆ, ಆಟಗಾರರು ಲೀಗಿನ ಮೇಲೆ ಹಾಕಿದ್ದ ಹಳೇ ಫ್ರೇಸರ್ ಕೇಸು ಅಡ್ಡ ಬರುತ್ತೆ ಅಂತ ಫೆಡರೇಷನ್ ಹೇಳಿತು. ವಿಷಯ ಫೀಫಾವರೆಗೂ ಹೋಗಿ ವರ್ಷಗಟ್ಟಲೆ ಎಳೆದಾಡಿತು. 10,000 ಡಾಲರ್ ಅಂದರೆ ಮೂವರು ಮಕ್ಕಳ ಒಂದು ವರ್ಷದ ಫೀಸು. ಅಷ್ಟಕ್ಕೆ ಈ ಪಾಡು. ಕೈ ಕೆಸರಾದರೆ ಬಾಯಿ ಮೊಸರು ಅಂತ ನಮ್ಮಲ್ಲಿ ಹೇಳುತ್ತೇವೆ. ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಇದರ ಬೇರು ಲೀಗಿನ ಕಟ್ಟುಪಾಡಿನಲ್ಲೇ ಇದೆ. 1996ರಲ್ಲಿ ಆಟ ಶುರು ಮಾಡಿದ ಈ ಲೀಗು ಕಾನೂನಿನ ಲೆಕ್ಕದಲ್ಲಿ ಒಂದೇ ಕಂಪನಿ. ಆಟಗಾರ ಸಹಿ ಹಾಕುವುದು ಲೀಗಿನ ಜೊತೆ, ತಂಡದ ಜೊತೆಯಲ್ಲ. ಅದರೊಳಗೆ ಹೋಮ್‌ಗ್ರೋನ್ ಅಂತ ನಿಯಮ ಮಾಡಿಕೊಂಡರು. ಹುಡುಗ ತಂಡದ ಅಕಾಡೆಮಿಯಲ್ಲಿ ಕನಿಷ್ಠ ಒಂದು ವರ್ಷ ಇದ್ದು ತರಬೇತಿಯ ಷರತ್ತು ಮುಗಿಸಿದ್ದರೆ, ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವ ಡ್ರಾಫ್ಟ್ ಇಲ್ಲದೇ ಅವನನ್ನು ಸೇರಿಸಿಕೊಳ್ಳಬಹುದು. ಆರನೇ ವಯಸ್ಸಿನಿಂದ ಅವನ ಶೂ ಲೇಸ್ ಕಟ್ಟಿ ಆಟ ಕಲಿಸಿದ ಕ್ಲಬ್ಬಿನ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಸಾಲದ್ದಕ್ಕೆ ಊರುಗಳನ್ನೇ ಟೆರಿಟರಿ ಅಂತ ಹಂಚಿಕೊಂಡು, ಅಲ್ಲಿನ ಮಕ್ಕಳ ಮೇಲೆ ನಮ್ಮದೇ ಮೊದಲ ಹಕ್ಕು ಅಂದುಕೊಂಡು ವರ್ಷಗಟ್ಟಲೆ ನಡೆಸಿದರು. ತಮ್ಮ ತಮ್ಮೊಳಗೆ ಹಕ್ಕಿಗೆ ಬೆಲೆ ಕಟ್ಟುವುದು ಅವರಿಗೆ ಚೆನ್ನಾಗಿ ಗೊತ್ತು. ಚಿಕ್ಕ ಕ್ಲಬ್ಬಿನ ಕೆಲಸಕ್ಕೆ ಮಾತ್ರ ಬೆಲೆ ಇಲ್ಲ.

ನನಗೆ ಅತಿ ಜಾಸ್ತಿ ಸಿಟ್ಟು ಬರುವುದು ಮುಂದಿನದಕ್ಕೆ. 2016ರಲ್ಲಿ ವೆಸ್ಟನ್ ಮೆಕೆನಿ ಅನ್ನುವ ಹುಡುಗ ಇದೇ ಲೀಗಿನ ಎಫ್‌ಸಿ ಡಲ್ಲಾಸ್ ತಂಡದ ಅಕಾಡೆಮಿ ಬಿಟ್ಟು ಜರ್ಮನಿಯ ಶಾಲ್ಕೆ ಕ್ಲಬ್ಬಿಗೆ ಹೋದ. ಡಲ್ಲಾಸ್‌ಗೆ ಒಂದು ಡಾಲರೂ ಸಿಗಲಿಲ್ಲ. ಬೆಳೆಸಿದ ಹುಡುಗ ಬರಿಗೈಯಲ್ಲಿ ಬಿಟ್ಟು ಹೋದರೆ ಹೇಗಿರುತ್ತೆ ಅಂತ ಲೀಗಿಗೆ ಚೆನ್ನಾಗಿ ಅರ್ಥವಾಯಿತು. 2019ರ ಏಪ್ರಿಲ್‌ನಲ್ಲಿ, ವಿದೇಶಿ ಕ್ಲಬ್ಬುಗಳಿಂದ ನಾವೂ ತರಬೇತಿ ಪರಿಹಾರ, ಸಾಲಿಡಾರಿಟಿ ಪಾಲು ಕೇಳುತ್ತೇವೆ ಅಂತ ಘೋಷಿಸಿದರು. ಸರಿ, ಕೇಳಲಿ. ನ್ಯಾಯವಾದದ್ದೇ. ಆದರೆ ಅದೇ ನ್ಯಾಯ ದೇಶದೊಳಗೆ ಯಾಕಿಲ್ಲ? ಯುರೋಪಿನ ಮುಂದೆ ಕೈ ಚಾಚುವವರು ರೆಡ್ಮಂಡ್, ಯಾಕಿಮಾದವರಿಗೆ ಯಾಕೆ ಕೈ ಬಿಚ್ಚುವುದಿಲ್ಲ?

ಇಲ್ಲಿ ಗೆಳೆಯರು ಒಂದು ಮಾತು ಹೇಳುತ್ತಾರೆ, ಗೊತ್ತು. ಲೀಗಿನ ಅಕಾಡೆಮಿಗಳು ಉಚಿತ, ಅವು ಬಂದ ಮೇಲೆಯೇ ಒಳ್ಳೇ ಆಟಗಾರರು ಹೊರಬಂದರು ಅಂತ. ನಿಜ. ಫಿಲಡೆಲ್ಫಿಯಾ ಯೂನಿಯನ್ ತಂಡ ಮಾಡಿದ ಕೆಲಸ ನೋಡಿ ಖುಷಿಯಾಗುತ್ತೆ. ಬ್ರೆಂಡನ್ ಆರನ್‌ಸನ್ ಅಲ್ಲಿಂದ ಬಂದವನು. 2024ರಲ್ಲಿ ಕ್ಯಾವನ್ ಸಲ್ಲಿವನ್ 14ನೇ ವಯಸ್ಸಿಗೇ ಲೀಗಿನಲ್ಲಿ ಆಡಿದ. ಆದರೆ ಇಷ್ಟು ದೊಡ್ಡ ದೇಶಕ್ಕೆ ಇರುವುದು 30 ತಂಡ. ಯಾಕಿಮಾದಿಂದ ಸಿಯಾಟಲ್ ಕಡೆಗೆ ಬರಬೇಕಾದರೆ ಸ್ನೋಕಾಲ್ಮಿ ಪಾಸ್ ಅನ್ನುವ ಬೆಟ್ಟದ ದಾರಿ ದಾಟಬೇಕು. ಚಳಿಗಾಲದಲ್ಲಿ ಅಲ್ಲಿ ಹಿಮ. ತೋಟದ ಕೆಲಸ ಬಿಟ್ಟು ವಾರಕ್ಕೆ ನಾಲ್ಕು ದಿನ ಯಾರು ಕರೆದುಕೊಂಡು ಬರುತ್ತಾರೆ? ಅಕಾಡೆಮಿಯವರ ಕಣ್ಣಿಗೆ ಬೀಳುವ ತನಕ ಅವನನ್ನು ಆಡಿಸುವವರಾದರೂ ಯಾರು? ಫೀಸು ತೆಗೆದುಕೊಳ್ಳುವ ಕ್ಲಬ್ಬೇ.

ಆಟಗಾರರ ಯೂನಿಯನ್ ಇನ್ನೊಂದು ಹೇಳುತ್ತೆ. ತರಬೇತಿ ಪರಿಹಾರ ಕೊಡಬೇಕಾದರೆ ವಿದೇಶಿ ಕ್ಲಬ್ಬುಗಳು ನಮ್ಮ ಹುಡುಗರನ್ನು ತೆಗೆದುಕೊಳ್ಳಲು ಹಿಂಜರಿಯುತ್ತವೆ ಅಂತ. ಮೊದಲ ಕಾಂಟ್ರಾಕ್ಟಿನ ಮಟ್ಟಿಗೆ ಅದರಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇನೆ. ಆದರೆ ಸಾಲಿಡಾರಿಟಿ ಪಾಲು ಹಾಗಲ್ಲ. ಹೇಗೂ ಕೈ ಬದಲಾಗುವ ದುಡ್ಡಿನಲ್ಲೇ ಒಂದು ಭಾಗ ಅದು. ಹುಡುಗನ ಸಂಬಳದಿಂದ ಕಿತ್ತುಕೊಳ್ಳುವುದಲ್ಲ. 2019ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬು ಅಮೆರಿಕದ ಕ್ರಿಶ್ಚಿಯನ್ ಪುಲಿಸಿಕ್‌ನನ್ನು 6.4 ಕೋಟಿ ಯೂರೋಗೆ ಕೊಂಡಿತು. ಅಂಥ ಬೆಲೆಗೆ ಬಾಲ್ಯದ ಒಂದೇ ಒಂದು ವರ್ಷದ ಪಾಲು 1,60,000 ಯೂರೋ ಆಗುತ್ತೆ. ನಮ್ಮಂಥ ಕ್ಲಬ್ಬಿನಲ್ಲಿ ಐವತ್ತು ಮಕ್ಕಳು ಒಂದು ವರ್ಷ ಫೀಸಿಲ್ಲದೇ ಆಡಬಹುದು.

ಪಾಲೂ ಇಲ್ಲ, ಮೇಲೆ ಹತ್ತುವ ಏಣಿಯೂ ಇಲ್ಲ. ಇಂಗ್ಲೆಂಡಿನಂತೆ ಗೆದ್ದವರು ಮೇಲಿನ ಲೀಗಿಗೆ, ಸೋತವರು ಕೆಳಗಿನದಕ್ಕೆ ಹೋಗುವ ಪದ್ಧತಿ ಇಲ್ಲಿಲ್ಲ. ಸ್ಯಾನ್ ಡಿಯೆಗೊ ತಂಡ ಒಳಗೆ ಬರಲು 50 ಕೋಟಿ ಡಾಲರ್ ಕೊಟ್ಟಿತು ಅಂತ ವರದಿಯಾಗಿದೆ. ಊರಿನ ಕ್ಲಬ್ಬು ಎಷ್ಟು ಚೆನ್ನಾಗಿ ಮಕ್ಕಳನ್ನು ಬೆಳೆಸಿದರೂ ಆ ಬಾಗಿಲು ತೆರೆಯುವುದಿಲ್ಲ.

ನಾನು ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯವನು, ನಿಮಗೆ ಗೊತ್ತೇ ಇದೆ. ಅಲ್ಲಿ, ಗೌತಮಪುರದಲ್ಲಿ, ಚೆಂಡು ಒದೆಯಲು ಯಾರ ಅಪ್ಪನ ಸಂಬಳವನ್ನೂ ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಎಲ್ಲವೂ ಸರಿಯಿತ್ತು ಅನ್ನುತ್ತಿಲ್ಲ. ಒಳ್ಳೇ ಬೂಟಿಗೂ ಪರದಾಟವೇ. ಆದರೆ ಆಟ ಬಡವರ ಮನೆಯ ಹುಡುಗರದ್ದಾಗಿತ್ತು. ಇಷ್ಟು ಹಣ, ಇಷ್ಟು ಹುಲ್ಲಿನ ಮೈದಾನ ಇರುವ ದೇಶದಲ್ಲಿ ಅದು ದುಡ್ಡಿದ್ದವರ ಮಕ್ಕಳ ಹವ್ಯಾಸವಾಗಿದೆ ಅನ್ನುವುದು ನನಗೆ ನುಂಗಲಾಗುತ್ತಿಲ್ಲ.

ಈಗ ಒಂದು ಕೆಲಸದ ಮಾತು. 2022ರ ನವೆಂಬರ್‌ನಿಂದ ಫೀಫಾ ಕ್ಲಿಯರಿಂಗ್ ಹೌಸ್ ಅಂತ ಶುರುವಾಗಿದೆ. ಮಗು ಯಾವ ವರ್ಷ ಯಾವ ಕ್ಲಬ್ಬಿನಲ್ಲಿ ನೋಂದಣಿಯಾಗಿತ್ತು ಅನ್ನುವ ದಾಖಲೆಯ ಮೇಲೆ ಅದು ಪಾಲು ಲೆಕ್ಕ ಹಾಕುತ್ತೆ. ನಿಮ್ಮ ಮಕ್ಕಳ ಕ್ಲಬ್ಬಿನಲ್ಲಿ 12 ವರ್ಷ ತುಂಬುವ ಹೊತ್ತಿನಿಂದ ಈ ದಾಖಲೆ ಸರಿಯಾಗಿದೆಯಾ ಅಂತ ಬೋರ್ಡಿನವರನ್ನು ಕೇಳಿ. ಪಾಲು ಬಂದರೆ ಅದನ್ನು ಫೀಸು ಕಟ್ಟಲಾಗದ ಮಕ್ಕಳಿಗೇ ಇಡುತ್ತೇವೆ ಅಂತ ಬರೆಸಿಕೊಳ್ಳಿ. ದೇಶದೊಳಗೂ ಈ ನಿಯಮ ಬೇಕು ಅಂತ ಫೆಡರೇಷನ್ನಿಗೆ ಪತ್ರ ಬರೆಯಲು ಹೇಳಿ. ನಮ್ಮ ಕ್ಲಬ್ಬಿನ ಮೀಟಿಂಗ್ ಮುಂದಿನ ವಾರ ಇದೆ, ನಾನು ಇದನ್ನೇ ಕೇಳುತ್ತೇನೆ. ಸಮಾಮಿಶ್, ಬಾಥೆಲ್, ಕರ್ಕ್‌ಲ್ಯಾಂಡ್ ಕಡೆಯವರು ಯಾರಾದರೂ ಜೊತೆಗೂಡುವುದಾದರೆ ಮೆಸೇಜ್ ಮಾಡಿ, ಪತ್ರವನ್ನು ಒಟ್ಟಿಗೆ ಕೂತು ಬರೆಯೋಣ.